ನಮ್ಮ ಕಾಕಾ ಕೊಡುವ ಹವಾಮಾನ ವರದಿ

ಲಾಸ್ ಏಂಜಲೀಸ್‌ನಲ್ಲಿ ಹವಾಮಾನ ಎಂಬುದೊಂದು ಇದೆ ಎಂದು ಮನಸಾರೆ ನಂಬಿರುವ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನಮ್ಮ ಕಾಕಾ. ಉಳಿದವರ ಪಾಲಿಗೆ ಅಲ್ಲಿರುವುದು ಇವತ್ತಿನ ಬಿಸಿಲು, ಅದು ಬಿಟ್ಟರೆ ನಾಳೆಯ ಬಿಸಿಲು. ಟೀವಿಯಲ್ಲಿ ಹವಾಮಾನ ಹೇಳುವವರೂ ಪಾಪ, ಹೇಳಲು ಏನೂ ಸಿಗದೆ ನಗುತ್ತಾ ನಿಂತು ಸಂಬಳ ತೆಗೆದುಕೊಳ್ಳುತ್ತಾರೆ. ಕಾಕಾ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ. ನಗುವುದೂ ಇಲ್ಲ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಹುಬ್ಬಳ್ಳಿಯವರು. ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದರು. ನೀರನ್ನು ಮೇಲೆತ್ತಿದ್ದು ಸಾಕು, ಇನ್ನು ಮೇಲಿನಿಂದ ಬೀಳುವ ನೀರನ್ನು ನೋಡಿಕೊಳ್ಳೋಣ ಎಂದುಕೊಂಡರೋ ಏನೋ! ನವರಾತ್ರಿ ಬಂತೆಂದರೆ ಅವರ ಶರತ್ಕಾಲದ ವರದಿ ಶುರು. ಬರ್ಬ್ಯಾಂಕ್‌ನಿಂದ ಪೊಮೊನಾದವರೆಗೆ, ಅಲ್ಲಿಂದ ಕೆಳಗೆ ಸ್ಯಾನ್ ಡಿಯೇಗೋದಲ್ಲಿರುವ ನಮ್ಮ ಮನೆಯವರೆಗೆ, ಗುರುತಿನ ಕನ್ನಡದವರ ಮನೆಯ, ಫೋನಿನ ಸಂದೇಶ ಹಿಡಿದಿಡುವ ಆನ್ಸರಿಂಗ್ ಮಷೀನುಗಳಲ್ಲೆಲ್ಲ ಸಂಜೆಗೊಮ್ಮೆ ಅವರದೇ ದನಿ.

"ನಾ ಮಾತಾಡೂದು. ನಾಳೆ ಹವಾ ಸೌಮ್ಯ. ಮುಂಜಾನೆ ಕಡಲ ಕಡೆ ಮಂಜು. ಗುರುವಾರ ಒಂದು ಫ್ರಂಟ್ ಹಾದು ಹೋಗ್ತೈತಿ, ಹೆದರೂ ಕಾರಣಿಲ್ಲ. ಇಡ್ತೀನಿ."

ಅಷ್ಟೇ. ಹೇಗಿದ್ದೀರಿ, ಊಟ ಆಯಿತೇ, ಒಂದೂ ಇಲ್ಲ. ಈ ಫ್ರಂಟ್ ಎಂದರೆ ಉತ್ತರದ ಕಡೆಯಿಂದ ಮೋಡ, ತಂಪು ಗಾಳಿ ಕಟ್ಟಿಕೊಂಡು ಬರುವ ದಂಡು. ನಮ್ಮ ಕಡೆ ಬರುವಷ್ಟರಲ್ಲಿ ದಂಡೆಲ್ಲ ದಾರಿಯಲ್ಲೇ ಚದುರಿ, ದಿಕ್ಕು ತಪ್ಪಿದ ಎರಡು ಮೋಡ ಉಳಿದಿರುತ್ತವೆ. ಆ ಎರಡು ಮೋಡಕ್ಕೆ ಕಾಕಾ ಮಾಡುವ ಸ್ವಾಗತವನ್ನು ಬೀಗರಿಗೂ ಯಾರೂ ಮಾಡಿರಲಿಕ್ಕಿಲ್ಲ.

ಅವರ ಸಲಕರಣೆಗಳೋ, ಕೇಳಲೇಬೇಡಿ. ಪೇಪರು, ಟೀವಿ, ರೇಡಿಯೋ ಎಲ್ಲ ಇದ್ದರೂ ಕೊನೆಯ ತೀರ್ಪು ಹಿತ್ತಲಲ್ಲಿ ಹಗ್ಗದ ಮೇಲೆ ಒಣಹಾಕಿದ ಒದ್ದೆ ಧೋತರದ್ದು. ಅದು ಬೇಗ ಒಣಗಿದರೆ ಮರುಭೂಮಿಯ ಗಾಳಿ, ತಡವಾದರೆ ಕಡಲ ಗಾಳಿ, ಒಣಗದೇ ಹೋದರೆ ಫ್ರಂಟ್! ಆ ಬೀದಿಯಲ್ಲಿ ಬಟ್ಟೆಯನ್ನು ಹೊರಗೆ ಒಣಹಾಕುವವರೇ ಇಲ್ಲ. ಪಕ್ಕದ ಮನೆಯ ಮುದುಕ ಒಂದು ದಿನ ಬೇಲಿಯ ಮೇಲಿಂದ ಇಣುಕಿ, ಇಷ್ಟುದ್ದದ ಬಿಳಿ ಬಾವುಟ ಹಾರಿಸಿದ್ದೀರಲ್ಲ, ಯಾರಿಗೆ ಶರಣಾಗಿದ್ದೀರಿ ಎಂದು ಕೇಳಿದನಂತೆ. ಕಾಕಾ ಅವನನ್ನೇ ಒಳಗೆ ಕರೆದು ಚಹಾ ಕೊಟ್ಟು ಧೋತರದ ವಿಜ್ಞಾನವನ್ನು ವಿವರಿಸಿದರು. ಮರುದಿನದಿಂದ ಅವನ ಮಷೀನಿನಲ್ಲೂ ವರದಿ ಶುರುವಾಯಿತು. ಬೇಕಿತ್ತಾ ಅವನಿಗೆ?

ರಾಜ್ಯೋತ್ಸವದ ಊಟದ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆ ವರ್ಷ ಪಾರ್ಕಿನಲ್ಲಿ ಬಯಲೂಟ ಎಂದು ಎಲ್ಲರೂ ಖುಷಿಯಲ್ಲಿದ್ದೆವು. ಹಿಂದಿನ ಸಂಜೆ ಕಾಕಾನ ದನಿ ಬಂತು: "ನಾಳೆ ಮಧ್ಯಾಹ್ನ ಫ್ರಂಟ್. ಮಳಿ ಖಾತ್ರಿ." ತಗೊಳ್ಳಿ, ಗಡಿಬಿಡಿಯೋ ಗಡಿಬಿಡಿ. ಪೊಮೊನಾದಲ್ಲಿ ಯಾರದೋ ಕಾಲು ಹಿಡಿದು ಕಿಟಕಿ ಕೂಡ ಇಲ್ಲದ ಒಂದು ಹಾಲ್ ಬುಕ್ ಮಾಡಿದ್ದಾಯಿತು. ಎಲ್ಲರೂ ಕೊಡೆ, ಸ್ವೆಟರ್ ಸಮೇತ ಬಂದಿಳಿದರೆ ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಬೆವರು ಒರೆಸಿಕೊಳ್ಳುತ್ತಾ ಬಿಸಿಬೇಳೆಭಾತ್ ತಿಂದೆವು. ಬರ್ಬ್ಯಾಂಕ್‌ನ ಸ್ಟುಡಿಯೋ ಒಂದರಲ್ಲಿ ಸೌಂಡ್ ಕೆಲಸ ಮಾಡುವ ಗೆಳೆಯರೊಬ್ಬರು ತಡೆಯಲಾರದೆ ಕೇಳಿದರು:

"ಅಂಕಲ್, ಎಲ್ಲಿ ನಿಮ್ಮ ಫ್ರಂಟು? ಫ್ರೀವೇ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದ್ಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಆ ಸಂಜೆ ಊಟಕ್ಕೆ ಬಂದಿದ್ದ ಒಂದೊಂದು ಮನೆಗೂ ಅವರೇ ಫೋನ್ ಮಾಡಿದರು. "ಇವತ್ತು ಮಳಿ ಅಂದಿದ್ದೆ, ಬರಲಿಲ್ಲ. ತಪ್ಪು ನಂದು. ತಿದ್ದಿಕೊಳ್ರಿ. ಇಡ್ತೀನಿ." ಮಳೆ ಬಾರದ್ದು ಊರಿಗೆಲ್ಲ ಗೊತ್ತಿರುವಾಗ ಇನ್ನೇನು ತಿದ್ದಿಕೊಳ್ಳುವುದು? ಆದರೆ ಅದು ಅವರ ನೇಮ. ತಪ್ಪಾದರೆ ತಿದ್ದುಪಡಿ ಹೋಗಲೇಬೇಕು.

ಈ ನೇಮದ ಬಿಸಿ ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ತಟ್ಟಿದಷ್ಟು ಇನ್ನಾರಿಗೂ ತಟ್ಟಿಲ್ಲ. ಒಮ್ಮೆ ದೂರದ ನೆಂಟರೊಬ್ಬರು ತುಂಟ ಮಕ್ಕಳ ದೊಡ್ಡ ಸೈನ್ಯದೊಂದಿಗೆ ರಜೆ ಕಳೆಯಲು ಬರುತ್ತೇವೆಂದು ಫೋನ್ ಮಾಡಿದ್ದರು. ಹಿಂದಿನ ಸಲ ಅವರು ಬಂದುಹೋದ ಮೇಲೆ ಸೋಫಾ ಬದಲಿಸಬೇಕಾಗಿತ್ತು. ಚಿಗವ್ವ ರಿಸೀವರ್ ಮೇಲೆ ಕೈಯಿಟ್ಟು ಪಿಸುಗುಟ್ಟಿದರು.

"ವಾರಪೂರ್ತಿ ಮಳಿ ಐತಿ ಅಂತ ಹೇಳಿಬಿಡ್ರಿ."

"ಎಲ್ಲೈತಿ ಮಳಿ?"

"ಇಲ್ಲದಿದ್ರ ಏನಾತು? ನಿಮ್ಮ ಮಾತು ನಂಬ್ತಾರ ಅವರು."

"ಅದಕ್ಕ ಹೇಳಂಗಿಲ್ಲ. ಇಲ್ಲದ ಮಳಿ ತರಂಗಿಲ್ಲ ನಾ."

ರಿಸೀವರ್ ತೆಗೆದುಕೊಂಡು, "ಹವಾ ಭಾಳ ಛಲೋ ಐತಿ, ಆಕಾಶ ಸ್ವಚ್ಛ, ಬರ್ರಿ" ಅಂದರು. ಬಂದರು. ಹೊಸ ಸೋಫಾದ ಕತೆಯೂ ಮುಗಿಯಿತು. ಆಮೇಲೆ ಎಷ್ಟೋ ದಿನ ಹೊರಗೆ ಹವಾ ಸೌಮ್ಯವಾಗಿದ್ದರೂ ಆ ಮನೆಯ ಅಡುಗೆಮನೆಯಲ್ಲಿ ಫ್ರಂಟ್ ಹಾದು ಹೋಗಲೇ ಇಲ್ಲ.

ಇಂಥ ಕಾಕಾನ ಕೈಗೆ ನಾನು ಪೂರ್ತಿಯಾಗಿ ಸಿಕ್ಕಿಬಿದ್ದದ್ದು ಬಸುರಿಯಾದಾಗ. ಅದು ನನ್ನ ಚೊಚ್ಚಲು. ಹುಬ್ಬಳ್ಳಿಯಲ್ಲಿದ್ದ ಅವ್ವ ಬಾಣಂತನಕ್ಕೆ ಬರಲು ಟಿಕೆಟ್ ತೆಗೆಸಿಟ್ಟಿದ್ದಳು. ಅಷ್ಟರಲ್ಲಿ ಅವಳ ಬೀಪಿ ಏರಿ, ವಿಮಾನ ಹತ್ತುವುದಿರಲಿ, ಗಾಬರಿಯಾಗುವಂಥ ಸುದ್ದಿಯನ್ನು ಕೇಳಲೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಅವ್ವ ಬರುವುದಿಲ್ಲವೆಂದು ತಿಳಿದ ದಿನ ಅತ್ತೂ ಅತ್ತೂ ನನ್ನ ಮುಖ ಊದಿಹೋಗಿತ್ತು. ಅಂದಿನಿಂದ ಅವಳಿಗೆ ಒಂದೇ ಸಮಾಧಾನ, ದಿನ ಬಿಟ್ಟು ದಿನ ಕಾಲಿಂಗ್ ಕಾರ್ಡ್ ಉಜ್ಜಿ ನಾನು ಮಾಡುತ್ತಿದ್ದ ಫೋನು. ಒಂದು ದಿನ ತಪ್ಪಿದರೂ ಆಕೆ ಗಾಬರಿಯಾಗಿ ಹಾಸಿಗೆ ಹಿಡಿಯುತ್ತಾಳೆಂದು ಅವಳ ಜೊತೆಗಿದ್ದ ನನ್ನ ತಮ್ಮ ಹೇಳಿದ್ದ.

ಹೆಣ್ಣುಮಗಳಿಗೆ ತವರಿನವರು ಮಾಡಬೇಕಾದ ಕುಬಸವನ್ನು, ಅದೇ ನಿಮ್ಮ ಕಡೆಯ ಸೀಮಂತವನ್ನು, ಅವ್ವನ ಪರವಾಗಿ ಕಾಕಾ ಚಿಗವ್ವ ವಹಿಸಿಕೊಂಡರು. ನಮ್ಮ ಹಿತ್ತಲಲ್ಲೇ ಮಾಡುವುದೆಂದಾಯಿತು. ಸರಿ, ಸ್ಯಾನ್ ಡಿಯೇಗೋಗೆ ವಿಶೇಷ ವರದಿ ಶುರುವಾಯಿತು, ದಿನಕ್ಕೆ ಎರಡು ಸಲ! ಬೆಂಗಳೂರಿನವರಾದ ನನ್ನ ಗಂಡನಿಗೆ ತಲೆ ಕೆಟ್ಟುಹೋಯಿತು.

"ಕಾಕಾ, ಇಲ್ಲಿ ವರ್ಷಪೂರ್ತಿ ಒಂದೇ ಥರ ಇರುತ್ತೆ. ನೀವ್ಯಾಕೆ ಸುಮ್ನೆ ಒದ್ದಾಡ್ತೀರ?"

"ವರ್ಷಪೂರ್ತಿ ಒಂದ ಥರ ಇದ್ರ ಅದು ಊರಲ್ಲಪಾ, ಫ್ರಿಜ್ಜು."

ಕುಬಸದ ದಿನ ಹತ್ತಿರವಾದಾಗ ಒಂದು ಮುಂಜಾನೆ ನನಗೆ ರಕ್ತಸ್ರಾವ ಶುರುವಾಯಿತು. ಆಸ್ಪತ್ರೆಗೆ ಹೋದರೆ ಅಲ್ಲೇ ಮಲಗಿಸಿಕೊಂಡರು. ಏಳಬೇಡ, ಅಲುಗಾಡಬೇಡ, ಕಾದು ನೋಡೋಣ ಅಂದರು. ಮಗು ಉಳಿಯುತ್ತದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಚಾಟ್ಸ್‌ವರ್ತ್‌ನಿಂದ ಕಾಕಾ, ಚಿಗವ್ವ ಇಬ್ಬರೂ ಓಡಿ ಬಂದರು. ಚಿಗವ್ವ ನನ್ನ ತಲೆ ನೇವರಿಸುತ್ತಾ ಕೂತರೆ ಕಾಕಾ ಕಿಟಕಿಯ ಹತ್ತಿರ ನಿಂತುಬಿಟ್ಟರು. ಹೊರಗೆ ಇಷ್ಟಗಲ ನೀಲಿ ಆಕಾಶ. ಆ ಮನುಷ್ಯ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ! ಅದನ್ನು ಕಂಡೇ ನನಗೆ ಇನ್ನಷ್ಟು ಭಯವಾಯಿತು.

ಅಂದು ಅವ್ವನಿಗೆ ಫೋನ್ ಮಾಡಬೇಕಾದ ದಿನ. ನನ್ನ ದನಿ ಕೇಳಿದರೆ ಸಾಕು, ಆಕೆಗೆ ಎಲ್ಲ ಗೊತ್ತಾಗಿಬಿಡುತ್ತದೆ.

"ಕಾಕಾ, ಅವ್ವಗ ಹೇಳಬ್ಯಾಡ್ರಿ. ನನ್ನ ಕೈಲೆ ಆಗಂಗಿಲ್ಲ. ನೀವು ಫೋನ್ ಮಾಡಿ ಏನರ ಹೇಳ್ರಿ."

"ಏನ್ ಹೇಳಲಿ?"

"ಏನರ."

ಅವರು ಕಿಟಕಿಯ ಕಡೆಗೊಮ್ಮೆ ನೋಡಿ, ಕಾಲಿಂಗ್ ಕಾರ್ಡ್ ತೆಗೆದುಕೊಂಡು ಹೊರಗೆ ಹೋದರು. ಏನು ಹೇಳಿದಿರೆಂದು ನಾನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ದೇವರು ದೊಡ್ಡವನು. ರಕ್ತ ನಿಂತಿತು. ಮುಂದಿನ ವಾರ ಡಾಕ್ಟರು ತಾಯಿ, ಮಗು ಇಬ್ಬರೂ ಕ್ಷೇಮ ಎಂದು ಮನೆಗೆ ಕಳಿಸಿದರು. ಚಿಗವ್ವ ನಮ್ಮಲ್ಲೇ ಉಳಿದರು, ಕಾಕಾ ಕುಬಸದ ಸಾಮಾನು ತರಲು ಚಾಟ್ಸ್‌ವರ್ತ್‌ಗೆ ಹೊರಟರು. ನಾನು ದನಿ ಸರಿಮಾಡಿಕೊಂಡು ಅವ್ವನಿಗೆ ಫೋನ್ ಹಚ್ಚಿದೆ.

"ಬಂತೇನವಾ ಲೈನು?" ಅಂದಳು ಅವ್ವ. "ಮಳಿ ನಿಂತಿತೇನು?"

"ಯಾವ ಮಳಿ?" ಎನ್ನುವುದು ಬಾಯಿತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆಯೇ ಮುಂದುವರಿಸಿದಳು.

"ನಿಮ್ಮ ಕಾಕಾ ದಿನಾ ಫೋನ್ ಮಾಡಿ ಹೇಳ್ತಿದ್ದ. ವೈನಿ, ಇವತ್ತೂ ಮಳಿ ಹೊಳವಾಗಿಲ್ಲ, ಗಾಳಿಗೆ ಫೋನಿನ ತಂತಿ ಹರದಾವು, ಹುಡುಗಿ ಬೆಚ್ಚಗ ಮನ್ಯಾಗ ಅದಾಳ ಅಂತ. ನಿನ್ನೆ ಹೇಳಿದ, ಮಳಿ ಹೊಳವಾತು ವೈನಿ, ನಾಳೆ ಆಕಿ ಫೋನ್ ಬರ್ತೈತಿ ಅಂತ. ಬ್ಯಾರೆ ಯಾರರ ಹೇಳಿದ್ರ ನಾ ನಂಬತಿರಲಿಲ್ಲವಾ, ಎದಿ ಒಡದು ಸಾಯ್ತಿದ್ದೆ. ಆದ್ರ ನನ್ನ ಮೈದುನ ಮಳಿ ವಿಷಯದಾಗ ಸುಳ್ಳು ಹೇಳಂಗಿಲ್ಲ."

ಕಿಟಕಿಯಾಚೆ ನಮ್ಮ ಹಿತ್ತಲು ಕಾಣುತ್ತಿತ್ತು. ಬೇಸಿಗೆಯಿಂದ ಒಂದು ಹನಿಯೂ ಬೀಳದ ನೆಲ. ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ನನ್ನ ಕಣ್ಣಿಗೆ ಅದೂ ಮಸುಕಾಯಿತು.

"ಹೌದವಾ," ಅಂದೆ. "ಭಾಳ ಮಳಿ ಇತ್ತು. ಈಗ ನಿಂತೈತಿ."

ಸಂಜೆ ಎದ್ದು ನೋಡಿದರೆ ಆನ್ಸರಿಂಗ್ ಮಷೀನಿನ ಕೆಂಪು ದೀಪ ಮಿನುಗುತ್ತಿತ್ತು. ಗುಂಡಿ ಒತ್ತಿದೆ.

"ನಾ ಮಾತಾಡೂದು. ನಾಳೆ ಹವಾ ಸೌಮ್ಯ. ಕುಬಸಕ್ಕ ಅಡ್ಡಿ ಇಲ್ಲ. ಹೋದ ವಾರ ಹುಬ್ಬಳ್ಳಿಗೆ ಕೊಟ್ಟ ವರದಿಯೊಳಗ ತಪ್ಪೈತಿ. ತಿದ್ದಂಗಿಲ್ಲ. ಇಡ್ತೀನಿ."