ಬೈಯುವ ಬೇಕರಿ

ಅಶ್ವಜಿತ ಮರೆತದ್ದು ಒಂದೇ ಸಾಲು. ಬೀದರಿನ ಮನೆಯಲ್ಲೇ ಕೂತು ಅವನು ಭಾಲ್ಕಿಯ ರಶೀದ ಅಹ್ಮದರ ಬೇಕರಿಗೆ ವೆಬ್‌ಸೈಟ್ ಮಾಡಿದ್ದ. ಜಾವಾಸ್ಕ್ರಿಪ್ಟ್ ಎಲ್ಲಿವರೆಗೆ ಸರಿಯಾಗಿ ಓಡುತ್ತಿದೆ ಎಂದು ತಿಳಿಯಲು, ಹೆಜ್ಜೆಹೆಜ್ಜೆಗೂ ಪರದೆಯ ಮೇಲೆ ಒಂದು ಡಿಬಗ್ ಮಾತು ಬರುವಂತೆ ಬರೆದುಕೊಂಡಿದ್ದ. ಬೇರೆಯವರು ಅಲ್ಲಿ ಒಂದು, ಎರಡು ಎಂದು ಬರೆದುಕೊಳ್ಳುತ್ತಾರೆ. ಇವನು ಅಡುಗೆಮನೆಯಿಂದ ಅವ್ವ ಗಿರಿಜಾಬಾಯಿ ತನ್ನನ್ನು ಬೈದದ್ದನ್ನೇ ಬರೆದಿದ್ದ. ಸ್ಲ್ಯಾಬ್ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುವಂತೆ, ಗಿರಾಕಿಗೆ ಕೊಡುವ ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಅವನ್ನೆಲ್ಲ ಕಿತ್ತುಹಾಕಲು ಒಂದು ಸಾಲಿನ ಸೆಟ್ಟಿಂಗ್ ಸಾಕು. ಅದನ್ನು ಹಾಕದೆಯೇ ಸೈಟು ಬಿಟ್ಟಿದ್ದ.

ಮೂರನೇ ದಿನ ಬೆಳಿಗ್ಗೆ ರಶೀದರ ಫೋನು.

"ಅರೆ ಮಿಯಾ, ಏನ್ ಮಾಡೀದಿ? ಔರಾದ್ ಹೆಡ್‌ಮಾಸ್ತರು ಪಾವ್ ಕಿಲೋ ಖಾರಿ ಬಿಸ್ಕೀಟ್ ಕೇಳಿದ್ರ, ‘ಇಷ್ಟ ತಿಂದು ಯಾರ್ ಬದುಕ್ತಾರೋ?’ ಅಂತು ನಿನ್ನ ಸೈಟು!"

"ಚಾಚಾ, ಅದು..."

"ಹೆಸರು ಬರೀಲಾಕ ತಡಾ ಮಾಡಿದ್ರ, ‘ನಿದ್ದಿ ಬಂತೇನ್, ಎಮ್ಮಿ?’ ಅಂತದ! ಸಂಜೀದೊಳಗ ಈ ಬೈಗುಳ ಬಂದ್ ಆಗಬೇಕು. ಇಲ್ಲಂದ್ರ ಔರಾದಿನ ನನ್ನ ಹೊಸಾ ಅಂಗಡಿ ಸೈಟಿನ ಕೆಲಸ ನಿನಗಿಲ್ಲ!"

ಅಶ್ವಜಿತ ಓಡಿ ಕಂಪ್ಯೂಟರಿನ ಮುಂದೆ ಕೂತ. ಆ ಕೆಲಸ ಸಿಕ್ಕೇಬಿಟ್ಟಿತೆಂದು ಅವನು ಆಗಲೇ ಇಡೀ ಓಣಿಗೆ ಚಹಾ ಕುಡಿಸಿದ್ದ.

ಅವಸರದಲ್ಲಿ ಬೈಗುಳಗಳನ್ನು ಕೈಯಿಂದಲೇ ಅಳಿಸತೊಡಗಿದ. ಅವುಗಳ ಜೊತೆಗೆ ಕೋಡಿನ ಒಂದು ಬ್ರಾಕೆಟ್ಟೂ ಹೋಗಿ, ಸೈಟು ಏನೂ ಕಾಣದೆ ಪೂರ್ತಿ ಬೆಳ್ಳಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಮಡೆಪ್ಪ ಮೊಬೈಲು ಹಿಡಿದು ಬಂದ.

"ಯಾಕೋ ತಮ್ಮಾ, ಸೈಟು ಮಾತಾಡವಲ್ದು? ಬೈಸಿಕೊಳ್ಳಾಕಂತ ನಾ ಮೂರ್ ಸಲ ಟೋಸ್ಟ್ ತರಿಸೀನಿ!"

"ನೀ ಸುಮ್ನಿರು ಕಾಕಾ!"

ಅಳಿಸಿದ್ದನ್ನೆಲ್ಲ ವಾಪಸು ತಂದು, ಆ ಒಂದು ಸಾಲು ಸೇರಿಸಿ, ಮತ್ತೆ ಬಿಲ್ಡ್ ಮಾಡುವ ಹೊತ್ತಿಗೆ ಮಧ್ಯಾಹ್ನವಾಯಿತು. ಮೊದಲ ಸಲ ಮಾವನ ಮನೆಗೆ ಹೋದ ಅಳಿಯನಂತೆ ಸೈಟು ಗಪ್ಪಾಯಿತು.

ಸಂಜೆ ರಶೀದರೇ ಬಾಗಿಲಿಗೆ ಬಂದರು.

"ಯಾಕ ಬಂದ್ ಮಾಡಿದಿ?"

"ನೀವೇ ಹೇಳೀರಲ್ರೀ ಚಾಚಾ!"

"ಮುಂಜಾನಿ ಭಟ್ಟಿಗೆ ಪುರಸತ್ತಿರಲಿಲ್ಲ. ಬೈಗುಳ ನಿಂತ ಮ್ಯಾಲ ಒಂದು ಆರ್ಡರ್ ಇಲ್ಲ! ಹೆಡ್‌ಮಾಸ್ತರು ಫೋನ್ ಮಾಡಿ, ‘ಬೈಯಾವ್ರು ಎಲ್ಲಿ ಹೋದ್ರು?’ ಅಂತ ಕೇಳ್ತಾರ."

ಅಶ್ವಜಿತನ ಮುಖ ಅರಳಿತು. "ಒಂದೇ ಸಾಲು ಚಾಚಾ, ಈಗ ತಗೀತೇನಿ. ಔರಾದ್ ಕೆಲಸ..."

"ಪಕ್ಕಾ! ಆದ್ರ ದಿನಾ ಹೊಸಾ ಬೈಗುಳ ಬೇಕು. ಬರದಾವ ನೀನೇ ಅಲ್ಲೇನು?"

ಅಶ್ವಜಿತ ಹೌದೆನ್ನಲು ಬಾಯಿ ತೆರೆದ. ಒಳಗಿಂದ ಗಿರಿಜಾಬಾಯಿಯ ದನಿ ಬಂತು:

"ಹಿರ್ಯಾರನ್ನ ಬಾಗಲದಾಗ ನಿಲ್ಲಸೀದಿಯಲ್ಲೋ, ಕೋಣಾ! ನಿನಗ ಡಿಗ್ರಿ ಕೊಟ್ಟಾವ್ರು ಕಣ್ಣು ಮುಚ್ಚಿ ಕೊಟ್ಟಾರೇನು?"

ರಶೀದರು ಅವನನ್ನು ಪಕ್ಕಕ್ಕೆ ಸರಿಸಿ, ನೇರ ಅಡುಗೆಮನೆಯ ಮುಂದೆ ಹೋಗಿ ನಿಂತು ಸಲಾಮು ಮಾಡಿದರು.

ಮರುದಿನದಿಂದ ಔರಾದಿನ ಕೆಲಸ ಗಿರಿಜಾಬಾಯಿಯದು. ಅವರು ಕುರ್ಚಿಯ ಮೇಲೆ ಕೂತು ಹೇಳಬೇಕು, ಮಗ ಟೈಪು ಮಾಡಬೇಕು.

"ಎಷ್ಟೊತ್ತೋ? ಆಮಿ ಸುದ್ದಾ ನಿನಗಿಂತ ಜಲ್ದಿ ಬರೀತದ!"

"ಅವ್ವಾ, ಇದು ಸೈಟಿಗೋ, ನನಗೋ?"

"ಮೊದಲ ಬರಿ. ಆಮ್ಯಾಗ ಹೇಳ್ತೇನಿ."