ಅಡಿಗೆಮನೆಯಲ್ಲಿಟ್ಟ ನೆನಪು

ರಾಜಮತಿ: ಛತ್ರಿ ಮರತ ಬರವ್ರನ್ನ ಕಂಡೇನಿ, ಚೀಲಾ ಮರತ ಬರವ್ರನ್ನ ಕಂಡೇನಿ. ಹೆಂಡ್ತೀನ ಬಸ್‌ಸ್ಟ್ಯಾಂಡಿನ್ಯಾಗ ಮರತ ಬಂದವ್ರನ್ನ ಇವತ್ತ ಕಂಡ್ನಿ!

ತವನಪ್ಪ: ಮರತಿಲ್ಲ. ನಿನ್ನ ಅಡಗಿಮನ್ಯಾಗ ಇಟ್ಟಿದ್ನಿ.

ರಾಜಮತಿ: ನಾ ಚಿಕ್ಕೋಡ್ಯಾಗ ಬಿಸಲಾಗ ನಿಂತಿದ್ನಿ! ಬಸ್ ಯಾವದು ನೋಡಿ ಬರ್ತೇನಿ ಅಂತ ಹೋದವ್ರು, ಅದನ್ನ ಹತ್ತಿ ಹೋಗೂದ?

ಐನಾಪುರದ ತನ್ನ ಸ್ವಂತ ಮನೆಯ ಕಟ್ಟೆಯ ಮೇಲೆ ತವನಪ್ಪ ಕುಳಿತು ಎರಡು ತಾಸಾಗಿತ್ತು. ಹಿಂದೆ ಬಾಗಿಲಿಗೆ ಬೀಗ. ಎದುರಿಗೆ, ಮುಂದಿನ ಬಸ್ಸಿಗೆ ಬಂದಿಳಿದ ಹೆಂಡತಿ. ಬೀಗ ತೆಗೆಯುವುದು ಸುಲಭವೋ ಅವಳ ಸಿಟ್ಟು ಇಳಿಸುವುದು ಸುಲಭವೋ ಎಂದು ಅವನಿಗೆ ತಿಳಿಯಲಿಲ್ಲ. ಹೊತ್ತು ಬೇರೆ ಇಳಿಯತೊಡಗಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಲ್ಲ. ರಾಜಮತಿಯಂತೂ ಹೊಟೇಲಿನ ನೀರನ್ನೂ ಮುಟ್ಟುವವಳಲ್ಲ, ಬೆಳಿಗ್ಗೆ ಒಂದು ಬಟ್ಟಲು ಹಾಲು ಕುಡಿದು ಹೊರಟವಳು. ಮಾಡಿಟ್ಟ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಎಲ್ಲ ಬೀಗದ ಆಚೆಗಿದ್ದವು. ಈಗ ಉಣ್ಣದಿದ್ದರೆ ಇನ್ನು ನಾಳೆ ಬೆಳಗಾದ ಮೇಲೆಯೇ.

ತವನಪ್ಪ: ವಿರುಪಾಕ್ಷಪ್ಪ ಮಾಸ್ತರು ಸಾಲ್ಯಾಗ ಭಾಷಣಾ ಮಾಡಿದ್ರಲಾ, ನೆನಪಿನ ಶಕ್ತಿ ಬೆಳಸೂದು ಹೆಂಗಂತ...

ರಾಜಮತಿ: ಭಾಷಣಾ ಮುಗಿಸಿ, ಚಪ್ಪಲಿ ಅಲ್ಲೇ ಬಿಟ್ಟ ಬರಿಗಾಲಿಲೆ ಮನಿಗೆ ಹೋದ್ರಲಾ, ಆ ಮಾಸ್ತರ?

ತವನಪ್ಪ: ಎಲ್ಲಿ ಬಿಟ್ಟೇನಿ ಅಂತ ಅವರಿಗೆ ನೆನಪಿತ್ತು. ಕೇಳಿಲ್ಲಿ. ನೆನಪ ಇಡೂ ಸಾಮಾನ ನಮ್ಮ ಮನ್ಯಾಗ ಒಂದೊಂದ ಕಡೆ ಇಟ್ಟಂಗ ಮನಸಿನ್ಯಾಗ ಇಡಬೇಕು. ಆಮ್ಯಾಲ ಬಾಗಲದಿಂದ ಒಳಗ ಅಡ್ಡಾಡಕೋತ ಹೋದ್ರ ತಾವಾಗೇ ಸಿಗತಾವು. ಇವತ್ತ ಪ್ಯಾಟ್ಯಾಗ ತಗೊಂಡ ದ್ರಾಕ್ಷಿ ತ್ವಾಟದ ಕತ್ತರಿ ಹೊಸ್ತಲದಾಗ ಇಟ್ನಿ. ಬಳ್ಳಿಗೆ ಹೊಡಿಯೂ ಗಂಧಕದ ಚೀಲಾ ಪಡಸಾಲ್ಯಾಗ. ಊದಿನಕಡ್ಡಿ ಬಚ್ಚಲ ಮನ್ಯಾಗ. ನೋಡು, ಮೂರೂ ಬಂದಾವ!

ರಾಜಮತಿ: ನಾಕನೇದ್ದು?

ತವನಪ್ಪ: ನಾಕನೇದ್ದು ನೀ. ನಿನ್ನ ಮತ್ತೆಲ್ಲಿ ಇಡ್ಲಿ? ಬಸ್ ಹತ್ತೂಮುಂದ ಅಡಗಿಮನ್ಯಾಗ ಹಣಿಕಿ ಹಾಕಿ ನೋಡಿದ್ನಿ. ರೊಟ್ಟಿ ಬಡ್ಯಾಕತ್ತಿದ್ದಿ. ಇಕಿ ಮನ್ಯಾಗ ಅದಾಳ ಬಿಡು ಅಂತ ಹತ್ತಿ ಬಂದ್ನಿ.

ರಾಜಮತಿ: ಗಂಧಕಾನೂ ಪಡಸಾಲ್ಯಾಗ ಇತ್ತು. ಅದನ್ಯಾಕ ಬಿಟ್ಟ ಬರಲಿಲ್ಲ?

ತವನಪ್ಪ: ಪಡಸಾಲ್ಯಾಗ ಯಾವತ್ತರೆ ಗಂಧಕ ಇರತೈತೇನು? ಕಂಡ ಕೂಡ್ಲೆ ಗಾಬರಿ ಆತು, ನೆನಪಾತು. ನೀ ಅಡಗಿಮನ್ಯಾಗ ದಿನಾ ಇರತಿ. ಇರಬಾರದ ಜಾಗಾದಾಗ ಇಡ್ರಿ ಅಂತ ಮಾಸ್ತರು ಹೇಳಿದ್ರು, ಅದೊಂದ ತಪ್ಪೀತು. ಮುಂದಿನ ಸಲ ನಿನ್ನ ಅಟ್ಟದ ಮ್ಯಾಲ ಇಡ್ತೇನಿ.

ರಾಜಮತಿ: ಮುಂದಿನ ಸಲ ನಾ ಒಬ್ಬಾಕಿನ ಹೋಗ್ತೇನಿ. ಮೊದಲ ಬಾಗಲಾ ತಗೀರಿ. ಹೊಟ್ಟಿ ಉರ್ಯಾಕತ್ತೈತಿ.

ತವನಪ್ಪ: ಚಾವಿ ಕೊಡು.

ರಾಜಮತಿ: ನನ್ನ ಹತ್ರ ಎಲ್ಲೈತಿ?

ತವನಪ್ಪ: ಇಪ್ಪತ್ತ ವರ್ಷಾತು, ನಿನ್ನ ಸೆರಗಿನ ಗಂಟಿನ್ಯಾಗ ಐತಿ. ನನ್ನ ಹತ್ರ ಇದ್ದಿದ್ರ ಎರಡ ತಾಸ ಇಲ್ಲಿ ಯಾಕ ಕುಂಡ್ರತಿದ್ನಿ?

ರಾಜಮತಿಯ ಕೈ ರೂಢಿಯಂತೆ ಸೆರಗಿನ ತುದಿಗೆ ಹೋಯಿತು. ಪೇಟೆಗೆ ಹೋಗುವುದೆಂದು ಉಟ್ಟ ಹೊಸ ಸೀರೆ. ಸೆರಗು ಇಸ್ತ್ರಿ ಮಾಡಿದ ಹಾಗೇ ಇತ್ತು, ಗಂಟಿರಲಿಲ್ಲ. ಚೀಲ ಕೊಡವಿದಳು. ಕುಪ್ಪಸದ ಬಟ್ಟೆ, ಬಾಚಣಿಗೆ, ಎರಡು ಲಿಂಬೆಹಣ್ಣು.

ತವನಪ್ಪ: (ಖುಷಿಯನ್ನು ಮುಚ್ಚಿಡಲಾರದೆ) ಮರತಿ?

ರಾಜಮತಿ: ನಾ ಮರಿಯಾಕಿ ಅಲ್ಲ! ನಿಮ್ಮ ಹತ್ರನ ಇರಬೇಕು. ಅದನ್ನೂ ಯಾವದರೆ ಖೋಲ್ಯಾಗ ಇಟ್ಟೀರಿ, ಹುಡಕ್ರಿ.

ತವನಪ್ಪ: ಕಲ್ಲಿಲೆ ಬಾಗಲದ ಕೀಲಿ ಒಡೀಲ್ಯಾ?

ರಾಜಮತಿ: ನಮ್ಮಪ್ಪ ಕೊಟ್ಟ ಕೀಲಿ. ಕಲ್ಲ ಮುಟ್ಟಿ ನೋಡ್ರಿ!

ತವನಪ್ಪ: ಹಂಗಾರ ಬಾಜೂಕಿನ ಕಮಲಾಬಾಯಿ ಮನ್ಯಾಗ ಎರಡ ತುತ್ತ ಉಂಡ ಬಾ.

ರಾಜಮತಿ: ಯಾಕ ತಡಾ ಆತು ಅಂತ ಕೇಳ್ತಾಳ. ನನ್ನ ಗಂಡ ನನ್ನ ಮರತ ಬಂದಿದ್ದ ಅಂತ ಹೇಳ್ಲಾ? ನಾಳಿ ಆಚೀ ಊರ ಜುಗೂಳ ತನಕಾ ಸುದ್ದಿ ಆಗತೈತಿ. ಉಪಾಸ ಬಿದ್ದೇನು, ಹೋಗಂಗಿಲ್ಲ.

ಬಿಸಿಲು ಗೋಡೆಯಿಂದ ಸರಿದು ಓಣಿಯ ಬೇವಿನ ಮರದ ತಲೆಗೆ ಹೋಯಿತು. ರಾಜಮತಿಯ ಮುಖ ಬಾಡಿತ್ತು. ಬೈಯುವ ದನಿಯಲ್ಲೂ ಮೊದಲಿನ ಗತ್ತಿರಲಿಲ್ಲ. ಅವಳು ಬೈದರೆ ತವನಪ್ಪ ತಾಳಿಕೊಳ್ಳಬಲ್ಲ. ಅವಳು ಹಸಿದು ನಿಂತರೆ ಅವನಿಂದ ನೋಡಲಾಗುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕಟ್ಟೆಯ ಮೇಲೆ ಹಾಸಿದ.

ತವನಪ್ಪ: ಕುಂಡ್ರು. ಹೊಸಾ ಸೀರಿ ಮಣ್ಣಾದೀತು.

ರಾಜಮತಿ ಕುಳಿತಳು. ಮರುಕ್ಷಣವೇ ಮೇಲೆದ್ದಳು.

ರಾಜಮತಿ: ಏನಿದು ಚುಚ್ಚತೈತಿ?

ತವನಪ್ಪ: ಗಂಟದು. ಬಿಚ್ಚಬ್ಯಾಡ! ಮಾಸ್ತರು ಹೇಳಿದ ಎರಡನೇ ಉಪಾಯ. ನೆನಪ ಇಡಾಕ ಒಂದ ಗಂಟ ಹಾಕ್ಕೋಬೇಕು, ನೆನಪಾಗೂ ತನಕಾ ಬಿಚ್ಚಬಾರದು.

ರಾಜಮತಿ: ಯಾತಕ್ಕ ಹಾಕೀರಿ?

ತವನಪ್ಪ: ಅದನ್ನ ಮುಂಜಾನಿಂದ ವಿಚಾರ ಮಾಡಾಕತ್ತೇನಿ. ಎರಡ ತಾಸ ಇದನ್ನ ಹಿಡಕೊಂಡ ಕುಂತಿದ್ನಿ. ಏನ ಮಾಡಿದ್ರೂ ಹೊಳಿವಲ್ದು.

ರಾಜಮತಿ: ಒಳಗ ಗಟ್ಟಿ ಹತ್ತತೈತಲಾ?

ತವನಪ್ಪ: ಅಡಕಿ ಇರಬೇಕು.

ಅವಳು ಗಂಟನ್ನು ಬೆರಳಲ್ಲಿ ಹಿಸುಕಿದಳು, ತಿರುಗಿಸಿ ನೋಡಿದಳು. ಮೂರು ಸುತ್ತಿನ ಬಿಗಿ ಗಂಟು. ಹಾಗೆ ಗಂಟು ಹಾಕುವವರು ಆ ಮನೆಯಲ್ಲಿ ಒಬ್ಬರೇ. ಮದುವೆಯಾದಂದಿನಿಂದ ಜಗಳದ ನಡುವೆ ಅವಳು ಸುಮ್ಮನಾದದ್ದು ಇದೇ ಮೊದಲು, ಹೀಗಾಗಿ ತವನಪ್ಪನಿಗೆ ಹೆದರಿಕೆಯಾಯಿತು.

ತವನಪ್ಪ: ಯಾಕ, ಚಕ್ಕರ ಬಂತೇನು?

ರಾಜಮತಿ: (ಸಣ್ಣ ದನಿಯಲ್ಲಿ) ಮುಂಜಾನಿ ಬಸ್‌ನ್ಯಾಗ ನೀವು ತೂಕಡಸಾಕತ್ತಿದ್ರಿ. ಹೊಸಾ ಸೆರಗು... ಗಂಟ ಹಾಕಿದ್ರ ಸುಕ್ಕ ಬೀಳತೈತಿ ಅಂತ... ನಿಮ್ಮ ಟವೆಲ್ಲಿಗೆ ಕಟ್ಟಿದ್ನಿ.

ತವನಪ್ಪ: ಏನ ಕಟ್ಟಿದ್ದಿ?

ಅವಳು ಹಲ್ಲಿನಿಂದ ಗಂಟು ಬಿಚ್ಚಿದಳು. ಚಾವಿ ಕಟ್ಟೆಯ ಕಲ್ಲಿನ ಮೇಲೆ ಟಣ್ಣೆಂದು ಬಿತ್ತು.

ಆಡಿಕೊಳ್ಳಲು ತವನಪ್ಪನ ನಾಲಿಗೆಯ ತುದಿಯಲ್ಲಿ ಹತ್ತು ಮಾತುಗಳಿದ್ದವು. ಬೇವಿನ ಮರದ ತಲೆಯಲ್ಲಿ ಉಳಿದ ಬಿಸಿಲನ್ನು ನೋಡಿ ಎಲ್ಲವನ್ನೂ ನುಂಗಿದ.

ತವನಪ್ಪ: ನೀ ಒಳಗ ನಡಿ, ಉಣ್ಣು. ನಾ ಇಲ್ಲೇ ನಿಂತ ಹೊತ್ತ ನೋಡ್ತೇನಿ.

ಅವಳು ಅಡಿಗೆಮನೆಗೆ ಓಡಿದಳು. ಅಲ್ಲಿಂದ ಪಡುವಣ ಕಾಣಿಸುವುದಿಲ್ಲ. ತವನಪ್ಪ ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತು ಕೂಗತೊಡಗಿದ.

ತವನಪ್ಪ: ಪೂರಾ ಐತಿ, ಸಾವಕಾಶ ಉಣ್ಣು!... ಅರ್ಧ ಐತಿ, ಇನ್ನೊಂದ ರೊಟ್ಟಿ ತಗೋ!... ಮೊಸರ ಹಾಕ್ಕೋ, ಲಗೂ!... ಆತು, ಮುಳಗ್ತು!

ಬಾಯಿ ತೊಳೆದು ಹೊರಗೆ ಬಂದ ರಾಜಮತಿಯ ಮುಖದಲ್ಲಿ ಕಳೆ ಬಂದಿತ್ತು. ಗಂಡನನ್ನು ನೋಡಿದವಳೇ ನಿಂತುಬಿಟ್ಟಳು.

ರಾಜಮತಿ: ಅಯ್ಯ, ನೀವು ಉಣ್ಣಲಿಲ್ಲಲಾ!

ತವನಪ್ಪ: ಹೌದಲಾ! ಮರತ ಬಿಟ್ನಿ.

ಅವಳು ಬೈಯಲಿಲ್ಲ. ಟವೆಲ್ ಕೊಡವಿ ಅವನ ಹೆಗಲಿಗೆ ಹಾಕಿದಳು. ಹಾಕಿದ ಕೈಯನ್ನು ತುಸು ಹೊತ್ತು ಅಲ್ಲೇ ಇಟ್ಟಳು.

ರಾಜಮತಿ: ನಾಳಿ ಹೊತ್ತ ಮೂಡಿದ ಕೂಡ್ಲೆ ಬಿಸಿ ರೊಟ್ಟಿ ಬಡದ ಕೊಡ್ತೇನಿ. ಮತ್ತ... ಚಾವಿ ಸುದ್ದಿ ಕಮಲಾಬಾಯಿ ಮುಂದ ಹೇಳಬ್ಯಾಡ್ರಿ.

ಆ ದಿನ ತವನಪ್ಪ ಬೇಕೆಂದೇ ಮರೆತದ್ದು ಅದೊಂದನ್ನೇ.

ತವನಪ್ಪ: ಯಾವ ಚಾವಿ?