ಕಂಬಳಿಯ ಪಾಲಿನ ಮಾತ್ರೆ

ಔಷಧಿ ಅಂಗಡಿ ಇಟ್ಟವನ ಮುಂದೆ ನಗು ಬರುವಂಥದ್ದು ದಿನಾ ಒಂದಾದರೂ ನಡೆಯುತ್ತದೆ. ನಗಬಾರದಿತ್ತು ಅಂತ ತಿಳಿಯುವುದು ಮಾತ್ರ ತಡವಾಗಿ. ಮುಚ್ಚಂಡಿಯ ನನ್ನ ಅಂಗಡಿಗೆ ಬರುತ್ತಿದ್ದ, ನಾನು ಮಾವ ಅಂತಲೇ ಕರೆಯುತ್ತಿದ್ದ ಕುರಿ ಕಾಯುವ ಹಿರಿಯರ ವಿಷಯದಲ್ಲಿ ನನಗೆ ಹಾಗೇ ಆಯಿತು.

೧. ಕಂಬಳಿ

ಮಾವನಿಗೆ ಸೊಂಟದ ಸುತ್ತ ಗಜಕರ್ಣ ಎದ್ದಿತ್ತು. ಡಾಕ್ಟರು ಬರೆದದ್ದು ಹದಿನೈದು ದಿನದ ಮಾತ್ರೆ. ಎರಡು ತಿಂಗಳಾದರೂ ಮಾವ ರುಮಾಲಿನೊಳಗಿಂದ ಖಾಲಿ ಪಾಕೀಟು ತೆಗೆದು, "ಇಂಥಾವ ಕೊಡ್ರಿ" ಅನ್ನುತ್ತಿದ್ದರು. ನಾನು ಕೊಡುತ್ತಿದ್ದೆ.

"ತುರಿಕಿ ಇನ್ನಾ ಹೋಗಿಲ್ಲೇನ್ರಿ ಮಾವಾ?"

"ನಂದು ಹೋಗೇತ್ರಿ ಮಾಲಕರ. ಕಂಬಳ್ಯಾಗ ಐತಿ."

"ಹಂಗಾದ್ರ ಕಂಬಳಿ ಕುದಸ್ರಿ."

"ನಮ್ಮ ಕುರಿ ಉಣ್ಣೀದ್ರಿ ಅದು. ಕುದಿಸಿದ್ರ ಕುಗ್ಗಿ ಟಾವೆಲ್ ಆಗತೈತಿ. ಅದಕ್ಕ ಮಾತ್ರಿ ನುಂಗಾಕ ಬರೂದಿಲ್ಲ, ಅದರ ಪಾಲಿಂದೂ ನಾನ ನುಂಗತೇನಿ."

೨. ಉಪ್ಪು

ಒಂದು ದಿನ ಮಾವನ ಹೆಂಡತಿ, ನಮ್ಮ ಅತ್ತಿ, ಅಂಗಡಿಗೆ ಬಂದು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ನನ್ನ ಕೈಯಾಗಿಂದು ಉಂಡಾರ. ಈಗ ಏನ್ ಮಾಡಿದ್ರೂ ಸಪ್ಪಗ ಅಂತಾರ ಯಪ್ಪಾ. ಉಪ್ಪು ಹಾಕಿ ಹಾಕಿ ನನ್ನ ಕೈ ಸೋತೈತಿ."

ಆ ವಾರ ಕರಜಗಿಯಿಂದ ಬಂದಿದ್ದ ಬೀಗರು ಅವರ ಮನೆಯಲ್ಲಿ ಉಂಡು, ನಾಲ್ಕು ತಂಬಿಗೆ ನೀರು ಕುಡಿದು, ಮರ್ಯಾದೆಯಿಂದ ಹೇಳಿದರಂತೆ: "ನಿಮ್ಮ ಮನಿ ನೀರು ಭಾಳ ಸಿಹಿ ಐತ್ರಿ."

ನಾನು ಹೊಟ್ಟೆ ಹಿಡಿದು ನಕ್ಕೆ. ಈ ಮಾತ್ರೆ ನಾಲಿಗೆಯ ರುಚಿ ಕೆಡಿಸಬಹುದು, ಲಿವರ್‌ಗೂ ಪೆಟ್ಟು ಕೊಡಬಹುದು ಅಂತ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯಲ್ಲಿತ್ತು. ಆ ಚೀಟಿಯನ್ನು ಸುರುಳಿ ಮಾಡಿ ನಾನು ಕಿವಿ ಕೆರೆದುಕೊಳ್ಳುತ್ತಿದ್ದೆ.

೩. ಭಂಡಾರ

ಅಮಾವಾಸ್ಯೆಗೆ ಮುಖದ ತುಂಬ ದೇವರ ಭಂಡಾರದ ಅರಿಶಿನ ಬಳಿದುಕೊಳ್ಳುವುದು ಅವರ ಮನೆತನದ ರೂಢಿ. ಅಮಾವಾಸ್ಯೆ ಕಳೆದು ನಾಲ್ಕು ದಿನವಾದರೂ ಮಾವ ಹಳದಿಯಾಗೇ ಬಂದರು.

"ಮಾರಿ ತೊಳದಿಲ್ಲೇನ್ರಿ?"

"ಮೂರು ಸರ್ತೆ ತೊಳದೇನಿ. ದೇವರು ಬಿಡವಲ್ಲ."

ಊರೆಲ್ಲ ಅವರ ಭಕ್ತಿಗೆ ಕೈಮುಗಿಯುತ್ತಿತ್ತಂತೆ. ನಾನೂ ನಗುತ್ತಲೇ ಅವರ ಕಣ್ಣು ನೋಡಿದೆ. ಕಣ್ಣೊಳಗೆ ಯಾರೂ ಭಂಡಾರ ಹಚ್ಚಿಕೊಳ್ಳುವುದಿಲ್ಲ. ಪಾಕೀಟು ಕಸಿದುಕೊಂಡು, ಸಿಕ್ಕ ಗಾಡಿಯಲ್ಲಿ ಅವರನ್ನು ಸಾಂಗಲಿಯ ದವಾಖಾನೆಗೆ ಒಯ್ದೆ.

"ಮಾತ್ರೆಯಿಂದ ಲಿವರ್ ಕೆಟ್ಟಿದೆ. ಬದುಕುತ್ತಾರೋ ಇಲ್ಲವೋ ಎಂಟು ದಿನ ಹೇಳಲಾಗದು" ಅಂದ ಅಲ್ಲಿಯ ಡಾಕ್ಟರು, "ಡಾಕ್ಟರ ಚಿಠ್ಠಿ ಇಲ್ಲದೆ ಇಷ್ಟು ದಿನ ಯಾರು ಕೊಟ್ಟರು?" ಅಂತ ಕೇಳಿದರು.

ಮಾವ ಮಲಗಿದಲ್ಲಿಂದಲೇ ನನ್ನತ್ತ ಕೈ ಮಾಡಿದರು. "ನಮ್ಮ ಮಾಲಕರ್ರಿ. ಭಾಳ ಚಲೋ ಮನಷ್ಯಾರು, ಏನೂ ಕೇಳೂದಿಲ್ಲ."

೪. ನೀರು

ಆ ಎಂಟು ದಿನ ನಾನು ಅಂಗಡಿ ತೆರೆಯಲಿಲ್ಲ. ಮಾವ ಉಳಿದರು. ಮನೆಗೆ ಬಂದ ಮೇಲೂ ನಾಲಿಗೆ ಸತ್ತೇ ಇತ್ತು. ಅತ್ತಿ ಮಾತ್ರ ಹಟ ಹಿಡಿದವರಂತೆ ದಿನಾ ಮೊದಲಿನ ಹಾಗೆ ಉಪ್ಪು ಸುರಿದು ಬಡಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಮಾವ ಊಟಕ್ಕೆ ಕೂತಿದ್ದರು. ಮೊದಲ ತುತ್ತಿಗೇ ಮುಖ ಕಿವಿಚಿ ಗದರಿದರು: "ಏನಿದು, ಉಪ್ಪಿನ ಮೂಟಿ ಸುರುವಿಯೇನು?"

ಅತ್ತಿಯ ಕೈಯೊಳಗಿನ ಸೌಟು ಬಿತ್ತು. "ಬೈದ್ರು! ಯಪ್ಪಾ, ನನಗ ಬೈದ್ರು!" ಅಂತ ಅಳುತ್ತ ನಗುತ್ತ ಓಣಿಗೆಲ್ಲ ಹೇಳಿ ಬಂದರು. ಬಂದವರೇ ನನಗೂ ತಾಟು ಇಟ್ಟರು. ಬೇಡ ಅನ್ನುವ ಮುಖ ನನಗಿರಲಿಲ್ಲ. ಒಂದಗುಳೂ ಬಿಡದೆ ಉಂಡೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಹೆಂಗ ಆಗೇತಿ ಯಪ್ಪಾ?" ಅಂದರು ಅತ್ತಿ.

ಐದನೇ ತಂಬಿಗೆ ಕೆಳಗಿಟ್ಟು ಹೇಳಿದೆ: "ನಿಮ್ಮ ಮನಿ ನೀರು ಭಾಳ ಸಿಹಿ ಐತ್ರಿ ಅತ್ತಿ."